ಮಕ್ಕಳ ಪರದೆ: ಐವತ್ತು ವರ್ಷಗಳ ಲೆಕ್ಕ

1975ರ ಆಗಸ್ಟ್ 1ರಂದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಕಾರ್ಯಕ್ರಮಗಳು ಬರತೊಡಗಿದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆಯಿತು. ಅದಾಗಿ ಅರ್ಧ ಶತಮಾನ ಕಳೆದಿದೆ. ಪರದೆಯ ಮೂಲಕ ಮಕ್ಕಳಿಗೆ ಕಲಿಸುವ ಕೆಲಸದಲ್ಲಿ ನಾವು ಗಳಿಸಿದ್ದೇನು, ಹಿಂದೆ ಬಿಟ್ಟುಬಂದದ್ದು ಯಾರನ್ನು ಎಂದು ಲೆಕ್ಕ ಹಾಕುವ ಹೊತ್ತಿದು.

ಸೈಟ್‌ನ ದೊಡ್ಡತನ ಉಪಗ್ರಹದಲ್ಲಷ್ಟೇ ಇರಲಿಲ್ಲ. ಬೆಳಗಿನ ಪ್ರಸಾರ ಶಾಲಾ ಮಕ್ಕಳಿಗೆಂದೇ ಮೀಸಲಾಗಿತ್ತು. ಟಿ.ವಿ. ಇಡೀ ಊರಿನ ಸ್ವತ್ತಾಗಿತ್ತು. ಮನೆಯಲ್ಲಿ ಸೆಟ್ ಇಲ್ಲವೆಂದು ಯಾವ ಮಗುವೂ ಹೊರಗುಳಿಯಬೇಕಿರಲಿಲ್ಲ. ಅದೇ ಪರದೆಯ ಮೂಲಕ ಶಿಕ್ಷಕರಿಗೂ ತರಬೇತಿ ಸಿಕ್ಕಿತು. 2004ರಲ್ಲಿ ಇಸ್ರೊ ಹಾರಿಸಿದ ಎಜುಸ್ಯಾಟ್‌ನ ಪಾಠಗಳೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬಂದವು. ಅಲ್ಲಿಯೂ ಪರದೆ ತರಗತಿಯದಾಗಿತ್ತು, ಪಕ್ಕದಲ್ಲಿ ಶಿಕ್ಷಕರಿದ್ದರು.

ಮೊಬೈಲ್ ಬಂದಮೇಲೆ ಪರದೆ ಮನೆಮನೆಯ ಖಾಸಗಿ ಸ್ವತ್ತಾಯಿತು. ಇದರ ಬೆಲೆ ಏನೆಂದು 2020ರಲ್ಲಿ ತಿಳಿಯಿತು. ಶಾಲೆಗಳು ಮುಚ್ಚಿದಾಗ ಅನೇಕ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ. ಚಂದನ ವಾಹಿನಿಯ 'ಸಂವೇದ' ಟಿ.ವಿ. ಪಾಠಗಳು ಪ್ರೌಢಶಾಲೆಯ ಮಕ್ಕಳಿಗೆ ಆಸರೆಯಾದವು. 'ವಿದ್ಯಾಗಮ' ಯೋಜನೆಯಲ್ಲಿ ಶಿಕ್ಷಕರೇ ಮಕ್ಕಳಿದ್ದ ಊರು-ಕೇರಿಗಳಿಗೆ ಹೋಗಿ ಕಲಿಸಿದರು. ಆ ದಿನಗಳಲ್ಲಿ ಅವರು ಪಟ್ಟ ಶ್ರಮವನ್ನು ನಾಡು ಮರೆಯಬಾರದು.

ಗಳಿಕೆಯೂ ಸಣ್ಣದಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಶಿಕ್ಷಕಿಯೊಬ್ಬರು ಕಥೆಯನ್ನು ತಮ್ಮ ಮಕ್ಕಳ ನುಡಿಗೆ ತಂದುಕೊಳ್ಳಬಹುದು, ಮುದ್ರಿಸಿ ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಪಠ್ಯಪುಸ್ತಕದ ಕ್ಯುಆರ್ ಕೋಡ್ 'ದೀಕ್ಷಾ' ವೇದಿಕೆಯ ಪಾಠಗಳನ್ನು ತೆರೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಭಾರತೀಯ ಸಂಜ್ಞಾ ಭಾಷೆಗೆಂದೇ ಪಿಎಂ ಇ-ವಿದ್ಯಾದ ವಾಹಿನಿ ಶುರುವಾಯಿತು.

ಆದರೆ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಕನ್ನಡದ ಡಿಜಿಟಲ್ ಪಾಠ ಇನ್ನೂ ಪೂರ್ತಿ ದಕ್ಕಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಆದರೂ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಪಠ್ಯಗಳು, ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಇವತ್ತಿಗೂ ಹರಿದಾಡುತ್ತಿವೆ. ಪರದೆ ಓದುವ ತಂತ್ರಾಂಶಕ್ಕೆ ಮೊದಲನೆಯದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಎರಡನೆಯದು ಬರೀ ಚಿತ್ರ. ಚಿತ್ರಗಳಿಗೆ ವಿವರಣೆ, ವಿಡಿಯೊಗಳಿಗೆ ಕನ್ನಡ ಅಡಿಬರಹ ವಿರಳ. ಸಾಲುಗಳ ನಡುವೆ ಜಾಗ ಸಾಲದೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ, ಆಗಷ್ಟೇ ಓದು ಕಲಿಯುವ ಮಗು ಅಲ್ಲೇ ತಡವರಿಸುತ್ತದೆ. ಮಂದದೃಷ್ಟಿಯ ಮಗುವಿನ ಪಾಡು ಇನ್ನೂ ಕಷ್ಟ.

ಕಾನೂನಿಗೇನೂ ಕೊರತೆಯಿಲ್ಲ. ಡಿಜಿಟಲ್ ವಿಷಯವೆಲ್ಲ ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ತಪ್ಪಿರುವುದು ಕೆಲಸದ ಕ್ರಮ. ಪಾಠ ಸಿದ್ಧವಾಗಿ, ಹಣ ಖರ್ಚಾದ ಮೇಲೆ ಈ ಮಕ್ಕಳ ನೆನಪಾಗುತ್ತದೆ. ಆಗ ತೇಪೆ ಹಾಕುವುದಷ್ಟೇ ಉಳಿದಿರುತ್ತದೆ.

ಆದ್ದರಿಂದ ಸರ್ಕಾರದ ಟೆಂಡರ್‌ನಲ್ಲೇ ಷರತ್ತುಗಳಿರಲಿ: ಯೂನಿಕೋಡ್ ಪಠ್ಯ, ಚಿತ್ರವಿವರಣೆ, ಅಡಿಬರಹ, ಸಂಜ್ಞಾ ಭಾಷೆ, ಅಗ್ಗದ ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ನಡೆಯುವ ಗುಣ. ವಿಶೇಷ ಶಾಲೆಗಳ ಮಕ್ಕಳು ಬಳಸಿ ನೋಡಿ ಒಪ್ಪುವ ತನಕ ಬಿಲ್ ಪಾಸಾಗದಿರಲಿ. ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ಮಕ್ಕಳಿಗೊಂದು ಪರದೆ, ಜೊತೆಗೆ ಕೂತು ಕಲಿಸುವ ಒಬ್ಬ ಹಿರಿಯರು ಇರಲಿ. ಇದನ್ನು ಕೆಲವರಿಗಾಗಿ ಮಾಡುವ ಖರ್ಚೆಂದು ಎಣಿಸಬೇಕಿಲ್ಲ. ಕಿವಿ ಕೇಳದ ಮಗುವಿಗೆಂದು ಹಾಕಿದ ಅಡಿಬರಹವೇ ಓದು ಕಲಿಯುವ ಉಳಿದ ಮಕ್ಕಳಿಗೂ ನೆರವಾಗುತ್ತದೆ. ಎಲ್ಲರಿಗಿಂತ ಹಿಂದೆ ಉಳಿದ ಮಗುವನ್ನು ಮುಂದಿಟ್ಟುಕೊಂಡು ಕಟ್ಟಿದ ಪಾಠ ಮಾತ್ರ ಎಲ್ಲ ಮಕ್ಕಳ ಪಾಠವಾಗಬಲ್ಲದು.