ಬೇರೆಯವರ ಹೆಸರಿನಲ್ಲಿ ಓಡುವ ಕಾರು

ಕಾರು ಮನೆಗೆ ಬಂದು ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹಿರಿಯರೊಬ್ಬರ ಫೋನ್ ಬಂತು. ಡೀಲರ್ ಹತ್ತಿರ ನನ್ನ ನಂಬರ್ ಇಸಕೊಂಡಿದ್ದರು. "ನನ್ನ ಕಾರು ನಿಮ್ಮ ಹತ್ತಿರ ಇದೆಯಂತೆ. ಸಿಗ್ನಲ್ ದಾಟಿದ್ದಕ್ಕೆ ನನ್ನ ಮೊಬೈಲಿಗೆ ದಂಡದ ಮೆಸೇಜ್ ಬಂದಿದೆ" ಎಂದು ಮರಾಠಿಯಲ್ಲಿ, ಸಿಟ್ಟಿಲ್ಲದೆ ಹೇಳಿದರು. ದಂಡವನ್ನು ಅಂದೇ ಕಟ್ಟಿದೆ. ಆದರೆ ಅವರು ಅಂದ 'ನನ್ನ ಕಾರು' ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ಆರ್‌ಸಿಯಲ್ಲಿ ಇನ್ನೂ ಅವರ ಹೆಸರೇ ಇತ್ತು.

ಪುಣೆಯಲ್ಲಿ ಡೀಲರ್ ಒಬ್ಬರಿಂದ 2017ರ ಡಿಸೈರ್ ಕೊಂಡಿದ್ದೆ. ಈ ಜಾತಿಯ ಕಾರುಗಳು ನಮ್ಮಂಥವರಿಗೆಂದೇ ಹುಟ್ಟಿದಂತಿವೆ. 2006ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ನಾಲ್ಕು ಮೀಟರಿಗಿಂತ ಗಿಡ್ಡದಾದ, ಚಿಕ್ಕ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಆ ಅಳತೆಗೆ ಹೊಂದಿಸಲು ಕಂಪನಿಗಳು ಸೆಡಾನ್‌ಗಳ ಬಾಲ ಕತ್ತರಿಸಿದವು. ಬಾಲ ಮೊಟಕಾದರೂ ಡಿಕ್ಕಿ ಉಳಿಯಿತು. ಊರಿಂದ ಬರುವಾಗ ಜೋಳದ ಚೀಲ, ಮೆಣಸಿನಕಾಯಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಎಲ್ಲ ಅದರಲ್ಲಿ ಹಿಡಿಯುತ್ತವೆ.

ಕೊಳ್ಳುವಾಗ ನಾವು ನೋಡುವುದೇನು? ಟೈರು, ಕ್ಲಚ್ಚು, ಎಷ್ಟು ಕಿಲೋಮೀಟರ್ ಓಡಿದೆ ಎಂಬುದು. ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ಯುತ್ತೇವೆ. ಕಾಗದದ ಮಾತು ಬಂದಾಗ ಮಾತ್ರ "ಒಂದು ತಿಂಗಳಲ್ಲಿ ಆಗುತ್ತೆ ಸರ್" ಎಂಬ ಒಂದೇ ಮಾತು ಸಾಕಾಗುತ್ತದೆ. ಮಾರುವವರು ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿ ಹೋಗಿರುತ್ತಾರೆ. ಗಿರಾಕಿ ಸಿಗುವವರೆಗೆ ಅವು ಡೀಲರ್‌ನ ಡ್ರಾವರಿನಲ್ಲಿರುತ್ತವೆ. ಕೆಲವೊಮ್ಮೆ ಗಿರಾಕಿ ಸಿಕ್ಕ ಮೇಲೂ.

ಇದು ದಂಡದ ಮೆಸೇಜಿಗೆ ಮುಗಿಯುವ ವಿಷಯವಲ್ಲ. ಒಬ್ಬರಿಂದ ಒಬ್ಬರಿಗೆ ಹೀಗೇ ಹಲವು ಕೈ ದಾಟಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ನನ್ನ ಕಾರಿಗೆ ಅಡ್ಡಬಂದವರಿಗೆ ಏನಾದರೂ ಆಗಿದ್ದರೆ ಕೋರ್ಟಿನ ಸಮನ್ಸ್ ಹೋಗುತ್ತಿದ್ದುದು ಆ ಹಿರಿಯರ ಮನೆಗೆ. ನಾನೂ ಸುರಕ್ಷಿತನಾಗಿರಲಿಲ್ಲ. ಕಾರು ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸ ಮಾಲೀಕರಿಗೆ ಬರುತ್ತದೆ. ಕಾರಿಗೇ ಆಗುವ ನಷ್ಟದ ವಿಮೆ ಹಾಗೆ ಬರುವುದಿಲ್ಲ. 14 ದಿನಗಳೊಳಗೆ ಹೆಸರು ಬದಲಾವಣೆಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ನಾನು ಕೊಟ್ಟಿರಲಿಲ್ಲ.

ಡೀಲರ್‌ನನ್ನು ಬೈಯುವುದು ಸುಲಭ. ಆದರೆ ಕೊಂಡ 30 ದಿನಗಳೊಳಗೆ ಆರ್‌ಟಿಒಗೆ ತಿಳಿಸುವ ಕರ್ತವ್ಯವನ್ನು ಕಾನೂನು ಹೊರಿಸಿರುವುದು ಕೊಂಡವನ ಮೇಲೆ. ನಾನು ಎರಡು ಸಲ ಫೋನ್ ಮಾಡಿ ಸುಮ್ಮನಾಗಿದ್ದೆ. ಕಾರು ಓಡುತ್ತಿತ್ತಲ್ಲ!

ಕೇಂದ್ರ ಸರ್ಕಾರ ಇದಕ್ಕೊಂದು ದಾರಿ ಮಾಡಿದೆ. 2022ರ ಡಿಸೆಂಬರ್‌ನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಂತೆ, ಹಳೆಯ ವಾಹನ ಮಾರುವ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ವಾಹನ ತನ್ನ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಅದು ಮಾರಾಟವಾಗುವವರೆಗೆ ಡೀಲರನೇ ಮಾಲೀಕನೆಂದು ಲೆಕ್ಕ. ನನಗೆ ಇದು ಬಹಳ ನ್ಯಾಯವಾದ ನಿಯಮ ಎನಿಸುತ್ತದೆ. ಲಾಭ ಮಾಡುವವನು ಹೊಣೆಯನ್ನೂ ಹೊರಲಿ. ಆದರೆ ಆ ಅಧಿಕಾರ ಪತ್ರ ತೋರಿಸಿ ಎಂದು ಗಿರಾಕಿ ಕೇಳದಿದ್ದರೆ ನಿಯಮ ಗೆಜೆಟ್ಟಿನಲ್ಲೇ ಉಳಿಯುತ್ತದೆ. ನಾನು ಕೇಳಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಹೊಸ ಹೆಸರಿನ ಆರ್‌ಸಿ ಕೈಗೆ ಬರುವವರೆಗೆ ಬೆಲೆಯ ಒಂದು ಭಾಗವನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು, ಮತ್ತು ಅದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು. ಒಪ್ಪದ ಡೀಲರ್‌ನ ಕಾರು ಎಷ್ಟೇ ಚೆನ್ನಾಗಿದ್ದರೂ ಬೇಡ. ನಮ್ಮ ಕಾರನ್ನು ಮಾರುವಾಗಲೂ ಖಾಲಿ ಫಾರ್ಮಿಗೆ ಸಹಿ ಬೇಡ.

ಫೋನ್ ಬಂದ ವಾರವೇ ಡೀಲರ್‌ನ ಅಂಗಡಿಯಲ್ಲಿ ಕೂತು ಅರ್ಜಿ ಹಾಕಿಸಿದೆ. ಆರ್‌ಸಿ ಬಂದ ದಿನ ಆ ಹಿರಿಯರಿಗೆ ಅದರ ಫೋಟೊ ಕಳಿಸಿದೆ. "ಈಗ ಅದು ನಿಮ್ಮ ಕಾರು" ಎಂದು ಉತ್ತರ ಬಂತು.