ಇಪ್ಪತ್ತನೇ ತಾರೀಖಿಗೇ ಖಾಲಿಯಾಗಲಿ ಬಿಡಿ

ಹತ್ತು ವರ್ಷ ತುಂಬಿದ ಮಗು ತಾನೇ ಸಹಿ ಹಾಕಿ ಬ್ಯಾಂಕ್ ಖಾತೆ ತೆರೆಯಬಹುದು, ತಾನೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2014ರಲ್ಲೇ. 2025ರ ಏಪ್ರಿಲ್‌ನಲ್ಲಿ ಆ ನಿಯಮಗಳನ್ನೆಲ್ಲ ಒಂದೆಡೆ ಸೇರಿಸಿ ಹೊಸ ಸುತ್ತೋಲೆ ಹೊರಡಿಸಿತು. ಎಟಿಎಂ ಕಾರ್ಡು, ಚೆಕ್‌ಬುಕ್ಕು ಕೊಡುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಸ್ಟೇಟ್ ಬ್ಯಾಂಕಿನ ‘ಪೆಹಲಿ ಉಡಾನ್’ ಖಾತೆಗಾದರೆ ಮಗುವಿನ ಫೋಟೊ ಇರುವ ಕಾರ್ಡೇ ಸಿಗುತ್ತದೆ, 5,000 ರೂಪಾಯಿಯ ಮಿತಿಯೊಂದಿಗೆ. ಎಲ್ಲ ಬ್ಯಾಂಕಿಗೂ ಇರುವ ಕಟ್ಟಪ್ಪಣೆ ಒಂದೇ: ಖಾತೆಯಲ್ಲಿ ಇದ್ದಷ್ಟೇ ಖರ್ಚು, ಒಂದು ರೂಪಾಯಿ ಸಾಲವೂ ಇಲ್ಲ. ಅಪ್ರಾಪ್ತರು ಮಾಡಿಕೊಂಡ ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲವಲ್ಲ!

ಇಡೀ ಏರ್ಪಾಡಿನಲ್ಲಿ ಮಕ್ಕಳಿಗೆ ಏನಾದರೂ ಕಲಿಸುವುದಿದ್ದರೆ ಅದು ಈ ಕಟ್ಟಪ್ಪಣೆಯೇ. ಅದನ್ನು ಮುರಿಯುವವರು ಹೆತ್ತವರು.

ಮೊನ್ನೆ ಬೇಕರಿಯಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ಎರಡು ಎಗ್ ಪಫ್ಸು, ಎರಡು ಜ್ಯೂಸು ತಗೊಂಡು ಮೆಷಿನ್ನಿಗೆ ಕಾರ್ಡು ತಾಗಿಸಿದಳು. ಚೀಟಿ ಹೊರಬರುವಷ್ಟರಲ್ಲಿ ಫೋನು. ಮೆಸೇಜು ಅಮ್ಮನ ಮೊಬೈಲಿಗೆ ಹೋಗಿತ್ತು. ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು: “ಏನೇ ಅದು, ನೂರಿಪ್ಪತ್ತು ರೂಪಾಯಿ?” ಹುಡುಗಿ ಗೆಳತಿಯ ಮುಖ ನೋಡಿ, “ಇಬ್ರಿಗೂ ಕಣಮ್ಮಾ” ಅಂದಳು. ಆ ಕಡೆಯಿಂದ ಒಂದಿಷ್ಟು ಗೊಣಗಾಟ, ಆಮೇಲೆ: “ಇನ್ನೆಷ್ಟಿದೆ? ಕಮ್ಮಿ ಇದ್ರೆ ಐನೂರು ಹಾಕ್ತೀನಿ.”

ಒಂದೇ ಉಸಿರಿನಲ್ಲಿ ಎರಡೂ ತಪ್ಪು. ಗೆಳತಿಗೆ ತಿನ್ನಿಸಿದ್ದಕ್ಕೆ ಲೆಕ್ಕ ಕೇಳಿದರೆ ಮಗು ಕಲಿಯುವುದು ಮುಚ್ಚಿಡುವುದನ್ನು. ಮುಗಿಯುವ ಮೊದಲೇ ತುಂಬಿಸಿದರೆ ಹಣಕ್ಕೆ ತಳವಿದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ತಿಂಗಳ ದುಡ್ಡು ಇಪ್ಪತ್ತನೇ ತಾರೀಖಿಗೇ ಮುಗಿಯಿತೇ? ಮುಗಿಯಲಿ. ಬಸ್ ಚಾರ್ಜು ಬೇರೆ ಕೊಡಿ, ಪಫ್ಸಿಗೆ ಬೇಡ.

ಇನ್ನು ಆ ತಾಗಿಸುವ ವಿಷಯ. 2021ರಿಂದ 5,000 ರೂಪಾಯಿವರೆಗೆ ಕಾರ್ಡು ತಾಗಿಸಿದರೆ ಪಿನ್ ಬೇಕಿಲ್ಲ. ಮಗುವಿನ ಕಾರ್ಡಿನ ಮಿತಿಯೂ ಅಷ್ಟೇ ಆಗಿದ್ದರೆ, ಶಾಲೆಯ ಬಸ್ಸಿನಲ್ಲಿ ಬಿದ್ದುಹೋದ ಕಾರ್ಡಿಗೆ ಬೀಗವೇ ಇಲ್ಲ ಎಂದಾಯಿತು. ಈ ಸೌಲಭ್ಯವನ್ನು ಆಫ್ ಮಾಡುವ ದಾರಿಯನ್ನು ಬ್ಯಾಂಕುಗಳು ಕೊಡಲೇಬೇಕು. ಮೊದಲ ದಿನವೇ ಆಫ್ ಮಾಡಿ. ಪಿನ್ ಒತ್ತುವಾಗಲಾದರೂ ‘ಬೇಕಾ ಇದು?’ ಎಂದು ಕೈ ತಡೆದೀತು.

ಖರ್ಚಿನ ಮಾತಾಯಿತು, ಉಳಿತಾಯ? ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟ್ ಬಾಗಿಲಿಗೇ ಬಂದು ಕೇಳುತ್ತಿದ್ದ. ಅವನಿಗಾಗಿ ಚಿಲ್ಲರೆ ತೆಗೆದಿಡುವುದು ರೂಢಿಯಾಗುತ್ತಿತ್ತು. ಕಾರ್ಡು ಹಾಗೆ ಕೇಳುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಮಗುವನ್ನು ಬ್ಯಾಂಕಿಗೆ ಕರೆದೊಯ್ದು ಪಾಸ್‌ಬುಕ್ ಎಂಟ್ರಿ ಮಾಡಿಸಿ. ಯಾವ ಖರ್ಚು ದಂಡವಾಯಿತು ಅನಿಸುತ್ತದೋ ಅದಕ್ಕೆ ಮಗುವೇ ಪೆನ್ಸಿಲ್ ಗುರುತು ಹಾಕಲಿ. ನೀವು ಕೊನೆಯ ಬ್ಯಾಲೆನ್ಸ್ ನೋಡಿದರೆ ಸಾಕು, ಮೇಲಿನ ಸಾಲುಗಳನ್ನು ಓದಬೇಡಿ.