ಡೀಕನ್ ಕೈಗೆ ರೊಟ್ಟಿ, ಬಟ್ಟಲು
ಡೀಕನ್ ಅಂದ್ರೆ ಅರ್ಧ ಪಾದ್ರಿಯೇ? ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಲ್ಲಿ ಈ ಗೊಂದಲ ಹಳೇದು. 1996ರವರೆಗೆ ಅದು ಎಲ್ಡರ್ ಪದವಿಗೆ ಹತ್ತುವ ಮೆಟ್ಟಿಲಷ್ಟೇ. ಆ ವರ್ಷ ಕಾಯಂ ಪದವಿಯಾಯಿತು. ಉಪದೇಶ, ಸೇವೆ ಡೀಕನ್‌ಗೆ. ಸಂಸ್ಕಾರ, ಸಭೆಯ ಆಡಳಿತ ಎಲ್ಡರ್‌ಗೆ. ಬಿಲ್ ಬರೀಬಹುದು, ಗಲ್ಲಾ ಮುಟ್ಟಬಾರದು ಅನ್ನೋ ಅಂಗಡಿ ನ್ಯಾಯ! ಆಸ್ಪತ್ರೆಯಲ್ಲಿ ಸಾಯುವ ರೋಗಿ ಕರ್ತನ ಭೋಜನ ಕೇಳಿದರೆ, ಪಕ್ಕದಲ್ಲೇ ಕೂತ ಡೀಕನ್ ಎಲ್ಡರ್‌ಗೆ ಹೇಳಿಕಳಿಸಬೇಕು. ಇಲ್ಲವೇ ಬಿಷಪ್ಪರ ಅಪ್ಪಣೆ ಇರಬೇಕು. 2024ರಲ್ಲಿ ಶಾರ್ಲೆಟ್‌ನಲ್ಲಿ ಸೇರಿದ ಮಹಾಸಭೆ ಗಂಟು ಬಿಚ್ಚಿತು: ನೇಮಕವಾದ ಜಾಗದಲ್ಲಿ ಡೀಕನ್ನೇ ದೀಕ್ಷಾಸ್ನಾನ, ಕರ್ತನ ಭೋಜನ ನಡೆಸಬಹುದು. ಹಾಗಂತ ಎಲ್ಡರ್ ಪಟ್ಟವೇನೂ ಹೋಗಲಿಲ್ಲ, ಆಡಳಿತ ಅವರ ಕೈಲೇ. ಬೀದರ್, ಬೆಳಗಾವಿ ಕಡೆಯ ಮೆಥಡಿಸ್ಟರಿಗೆ ಮಾತ್ರ ಈ ತೀರ್ಮಾನ ತಾನಾಗಿ ಅನ್ವಯಿಸದು. ಅವರ ಭಾರತದ ಮೆಥಡಿಸ್ಟ್ ಸಭೆ 1981ರಿಂದಲೇ ಸ್ವತಂತ್ರ.